ಬಾಟಲಿ ಮಣಿಯ ತಾರವ್ವ

ಎಂಬತ್ತಮೂರನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ಕರೋಶಿಯ ಸಿದರಾಯ ತನ್ನ ಕುರಿ ಹಿಂಡನ್ನು ಹೊಡೆದುಕೊಂಡು ಕೊಗನೊಳ್ಳಿಗೆ ಬಂದ. ಜೊತೆಗೆ ಹೆಂಡತಿ ತಾರವ್ವ, ತಟ್ಟುಗುದುರೆಯ ಮೇಲೆ ಹೇರಿದ ಬಿಡಾರ. ಖಾಲಿ ಹೊಲದಲ್ಲಿ ಕುರಿ ತರುಬಿದರೆ ಹಿಕ್ಕೆ ಬಿದ್ದು ಭೂಮಿಗೆ ಗೊಬ್ಬರವಾಗುತ್ತದೆ. ಅದಕ್ಕೆ ಹೊಲದವರು ಕುರಿಗಾರರಿಗೆ ಜೋಳ ಅಳೆದುಕೊಡುತ್ತಾರೆ. ಆ ವರ್ಷ ಅವರನ್ನು ಕರೆಸಿದವನು ಮುರಗೆಪ್ಪ. ಕಬ್ಬು, ತಂಬಾಕು ಎರಡನ್ನೂ ಬೆಳೆಯುತ್ತಿದ್ದ, ಸ್ವಂತ ಬೆಲ್ಲದ ಗಾಣವಿದ್ದ ಗಟ್ಟಿ ಕುಳ.

ಆ ಸಲ ಖಾಲಿ ಬಿಟ್ಟಿದ್ದ ತಂಬಾಕಿನ ಹೊಲದಲ್ಲಿ ಹಟ್ಟಿ ಹಾಕಿ ಎರಡು ದಿನ ಆಗಿತ್ತೋ ಇಲ್ಲವೋ, ಹಿಂಡಿನ ಮುಂದಾಳು ಟಗರು ಬೋಳ್ಯಾ ಕುಂಟತೊಡಗಿತು. ತಾರವ್ವ ಅದನ್ನು ಕೆಡವಿ ಕಾಲು ಎತ್ತಿ ನೋಡಿದಳು. ಗೊರಸಿನ ಸೀಳಿನಲ್ಲಿ ಕಂದು ಗಾಜಿನ ಚೂರು ಹೊಕ್ಕಿತ್ತು. ಅದನ್ನು ಕಿತ್ತು, ಅರಿಷಿಣ, ಬೇವಿನೆಣ್ಣೆ ಮೆತ್ತಿ ಬಟ್ಟೆ ಸುತ್ತಿದಳು. ಅಷ್ಟರಲ್ಲಿ ಇನ್ನೆರಡು ಕುರಿಗಳು ಕಾಲು ನೆಕ್ಕುತ್ತ ನಿಂತಿದ್ದವು.

ಸಿದರಾಯ ಸಿಟ್ಟಾದ. "ಈ ಹೊಲದಾಗ ಇರೂದ ಬ್ಯಾಡ. ಬಿಡಾರ ಕಿತ್ತು, ಮುಂದ ಹೋಗೂನು."

"ಹೋದ್ರ ಮುಂದ ಬರೂ ಕುರಿಯವರದ್ದೂ ಇದ ಗತಿ," ಎಂದಳು ತಾರವ್ವ. "ಎಲ್ಲಿಂದ ಬಂದೈತಿ ನೋಡ್ತೇನ ತಡಿ."

ಅವಳ ಸ್ವಭಾವವೇ ಹಾಗೆ. ತವರು ರಾಯಬಾಗ ಕಡೆಯ ಪಾಲಬಾವಿ. ಹೆಣ್ಣುಮಕ್ಕಳು ಕುರಿಯ ಉಣ್ಣೆ ಕತ್ತರಿಸುವುದಿಲ್ಲ ಎಂದು ಅಪ್ಪ ಗಂಗಾರಾಮ ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ಇವಳು ಅಪ್ಪ ಸಂತೆಗೆ ಹೋದಾಗಲೆಲ್ಲ ಒಂದೊಂದು ಮುದಿ ಕುರಿಯನ್ನು ಹಿಡಿದು ಕತ್ತರಿಸಿ ಕತ್ತರಿಸಿ ಕಲಿತಳು. ಕೆಲವು ಕುರಿಗಳು ಇಲಿ ಕಡಿದ ಕಂಬಳಿಯಂತೆ ಕಾಣುತ್ತಿದ್ದವು. ಬೈಸಿಕೊಂಡಳು, ಬಿಡಲಿಲ್ಲ. ಮದುವೆಯಾಗಿ ಕರೋಶಿಗೆ ಬರುವ ಹೊತ್ತಿಗೆ ಅಪ್ಪನಿಗಿಂತ ಅವಳದೇ ಕೈ ಚುರುಕಾಗಿತ್ತು.

ಆ ದಿನ ಅವಳು ಹೊಲದ ಬದುವಿನಗುಂಟ ನಡೆದು, ಬೇವಿನ ಮರದ ಕೆಳಗೆ ಮಣ್ಣು ಸಡಿಲಾಗಿದ್ದ ಕಡೆ ಕೋಲಿನಿಂದ ಕೆದರಿದಳು. ಬಾಟಲಿಗಳು. ಕಂದು, ಹಸಿರು, ಬಿಳಿ. ಕೆಲವು ಇಡಿಯಾಗಿ, ಹೆಚ್ಚಿನವು ನೇಗಿಲು ಬಡಿದು ಪುಡಿಯಾಗಿ. ಎಲ್ಲವೂ ಸೆರೆಯ ಬಾಟಲಿಗಳೇ. ಸೆರಗಿನಲ್ಲಿ ಒಂದಿಷ್ಟು ಚೂರು ಕಟ್ಟಿಕೊಂಡು ಸೀದಾ ಮುರಗೆಪ್ಪನ ಮನೆಯ ಕಡೆ ಹೊರಟಳು.

ಮನೆ ಮುಟ್ಟುವ ಮೊದಲೇ, ಬಾವಿಯ ಹತ್ತಿರ ಮುರಗೆಪ್ಪನ ಹೆಂಡತಿ ಅಕ್ಕವ್ವ ಸಿಕ್ಕಳು. ತಾರವ್ವ ಸೆರಗು ಬಿಚ್ಚಿ ತೋರಿಸಿದೊಡನೆ ಆಕೆ ಮನೆಯ ಕಡೆ ತಿರುಗಿ ನೋಡಿದಳು.

"ಒಳಗ ಹೇಳಬ್ಯಾಡ ತಂಗಿ," ಎಂದು ಅಕ್ಕವ್ವ ಕೈ ಹಿಡಿದಳು. "ಇವನ್ನ ಹುಗದಾಕಿ ನಾನ. ನಮ್ಮ ಮನಿಯವ್ರು ಗಾಣದ ಮನ್ಯಾಗ ಕುಂತು ಕುಡೀತಾರ. ನಮ್ಮತ್ತಿ ಕಣ್ಣಿಗಿ ಬಿದ್ರ ಮನಿ ಎರಡಾಗ್ತೈತಿ. ಅದಕ್ಕ ನಸುಕಿನ್ಯಾಗ ಆರಿಸ್ಕೊಂಡ ಬಂದು ಹುಗೀತೇನ."

"ನನ್ನ ಟಗರಿನ ಕಾಲ ಹೋಗ್ತಿತ್ತಲ್ರಿ ವೈನಿ."

"ನೇಗಲಾ ಅಲ್ಲಿ ತನಕಾ ಬರ್ತೈತಿ ಅಂತ ಗೊತ್ತಿರಲಿಲ್ಲ. ತಪ್ಪ ನಂದ ಐತಿ."

ತಾರವ್ವ ಚೂರುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಜಗಳಕ್ಕೆ ಬಂದವಳ ಎದುರಿಗೆ ಹೀಗೆ ಒಪ್ಪಿಕೊಂಡು ನಿಂತರೆ ಏನು ಮಾಡುವುದು? ಕೊನೆಗೆ, "ಯಾರಿಗೂ ಹೇಳೂದಿಲ್ರಿ. ಆದ್ರ ಇನ್ನ ಮುಂದ ಹುಗೀಬ್ಯಾಡ್ರಿ. ನನ್ನ ಕೈಯಾಗ ಕೊಡ್ರಿ, ಎಲ್ಲೆರ ದೂರ ಒಗದ ಬರ್ತೇನ," ಎಂದಳು.

ಎರಡು ದಿನ ಕೂತು ಬೇವಿನ ಬುಡದ ಮಣ್ಣನ್ನೆಲ್ಲ ಜರಡಿ ಹಿಡಿದು ಚೂರು ಆರಿಸಿದಳು. ಒಂದು ಬುಟ್ಟಿ ತುಂಬಿತು. ಹಳ್ಳಕ್ಕೆ ಚೆಲ್ಲಿದರೆ ಇನ್ನೊಬ್ಬರ ದನ ತುಳಿಯುತ್ತದೆ. ದಾರಿಗೆ ಚೆಲ್ಲಿದರೆ ಮಕ್ಕಳು ತುಳಿಯುತ್ತಾರೆ. ಗಾಣದಲ್ಲಿ ಕಬ್ಬಿನ ರಸ ಕಾಯಿಸುವ ದೊಡ್ಡ ಒಲೆ ಧಗಧಗ ಉರಿಯುತ್ತಿತ್ತು. ಒಲೆಯ ಹಿಂಬದಿಯ ಬೂದಿಗುಂಡಿಗೆ ಬುಟ್ಟಿಯನ್ನು ಬೋರಲು ಹಾಕಿ ಬಂದಳು.

ಮರುದಿನ ಮುಂಜಾನೆ ಬೆಲ್ಲ ಕಾಯಿಸುವ ಸತ್ತೆಪ್ಪ ಬೂದಿ ಎಳೆಯುತ್ತಿದ್ದವನು ಅವಳನ್ನು ಕೂಗಿ ಕರೆದ.

"ಏ ತಾರವ್ವಾ, ಏನ ಹಾಕೀದೆವ್ವಾ ಇದ್ರಾಗ? ಇಲ್ಲಿ ನೋಡ ಬಾ."

ಬೂದಿಯಲ್ಲಿ ಅಂಗೈಯಗಲದ ಗಾಜಿನ ಗಡ್ಡೆ ಇತ್ತು. ಅದರ ಅಂಚಿನಲ್ಲಿ ತೊಟ್ಟಿಕ್ಕಿ ಬೇರೆಯಾದ ಒಂದು ಹಸಿರು ಹನಿ, ಹುಣಸೆಬೀಜದಷ್ಟು. ತಾರವ್ವ ಅದನ್ನು ಉಜ್ಜಿ ಬೆಳಕಿಗೆ ಹಿಡಿದಳು. ಎಲ್ಲೂ ಚೂಪಿಲ್ಲ, ಎಲ್ಲೂ ಕೊಯ್ಯುವುದಿಲ್ಲ. ಕೆನ್ನೆಗೆ ಒತ್ತಿ ನೋಡಿದಳು. ನುಣ್ಣಗೆ, ಇನ್ನೂ ಬೆಚ್ಚಗೆ.

"ಇದು ಮಣಿ ಆಗ್ತೈತಲ್ಲೋ ಸತ್ತೆಪ್ಪಣ್ಣ," ಎಂದಳು.

"ತೂತಿಲ್ಲದ ಮಣಿ ಯಾವ ಊರಿಂದು?" ಎಂದು ಸತ್ತೆಪ್ಪ ನಕ್ಕ.

ಆ ತೂತಿನ ಯೋಚನೆಯಲ್ಲೇ ಆ ಚಳಿಗಾಲ ಕಳೆಯಿತು. ಹಗಲು ಕುರಿ ಕಾಯುತ್ತಲೇ ಅವಳು ಗಾಜನ್ನು ಗೋಣಿಚೀಲದಲ್ಲಿ ಸುತ್ತಿ ಒರಳಿನಲ್ಲಿ ಕುಟ್ಟಿ, ಹಳೆಯ ಸೀರೆಯಲ್ಲಿ ಸೋಸಿ ರವೆ ಮಾಡಿದಳು. ಮನೆಯಲ್ಲಿ ಪಡ್ಡು ಮಾಡುವ ಹಂಚು ನೆನಪಾಗಿ, ಅಂಥದೇ ಸಣ್ಣ ಗುಳಿಗಳಿರುವ ಮಣ್ಣಿನ ಹಂಚನ್ನು ತಟ್ಟಿ ಒಣಗಿಸಿದಳು. ಗುಳಿಯಲ್ಲಿ ಗಾಜಿನ ರವೆ ತುಂಬಿ, ನಡುವೆ ಒಂದು ಕಡ್ಡಿ ನಿಲ್ಲಿಸಿ ಗಾಣದ ಒಲೆಯ ಬೆಂಕಿಗಿಟ್ಟಳು. ಕಬ್ಬಿಣದ ತಂತಿ ಗಾಜಿಗೆ ಕಚ್ಚಿಕೊಂಡು ಬಿಡಲೇ ಇಲ್ಲ. ಹುಲ್ಲಿನ ಕಡ್ಡಿ ಬೇಗ ಸುಟ್ಟು ಹೋಗಿ, ಗಾಜು ಕರಗುವ ಹೊತ್ತಿಗೆ ತೂತು ಮುಚ್ಚಿಹೋಯಿತು. ಕಡೆಗೆ ಕೈಗೆ ಬಂದದ್ದು ಹೊಲದಲ್ಲೇ ಬಿದ್ದಿದ್ದ ತಂಬಾಕಿನ ದೇಟು, ಎಲೆಯ ನಡುನರ. ಒಣಗಿದ ದೇಟು ನಿಧಾನವಾಗಿ ಕೆಂಡವಾಗಿ, ಗಾಜು ಒಂದಕ್ಕೊಂದು ಅಂಟುವವರೆಗೂ ನಿಂತು, ಆಮೇಲೆ ಬೂದಿಯಾಗಿ ಉದುರಿತು. ಗಾಜು ಹಂಚಿಗೆ ಅಂಟದಂತೆ ಗುಳಿಗೆ ಶೇಡಿ ಎಂಬ ಬಿಳಿ ಮಣ್ಣಿನ ನೀರು ಬಳಿದಳು.

ಮೊದಲ ಸರ ಹುರಿ ಹಾಕಿದ ಕರಿ ಉಣ್ಣೆಯ ದಾರದಲ್ಲಿ ಪೋಣಿಸಿದ್ದು. ಅದನ್ನು ಹಾಕಿಕೊಂಡದ್ದು ಬೋಳ್ಯಾ. ಕಾಲು ವಾಸಿಯಾದ ಟಗರು ಕೊರಳಲ್ಲಿ ಹಸಿರು, ಕಂದು ಮಣಿ ಹೊತ್ತು ಹಿಂಡಿನ ಮುಂದೆ ನಡೆಯುತ್ತಿದ್ದರೆ ಹೆದ್ದಾರಿಯ ಲಾರಿಯವರು ಗಾಡಿ ನಿಧಾನ ಮಾಡಿ ನೋಡುತ್ತಿದ್ದರು. ಸುತ್ತಲಿನ ರೈತರು ತಮ್ಮ ಎತ್ತುಗಳಿಗೆ ಅಂಥದೇ ಬೇಕೆಂದು ಕೇಳಿಕೊಂಡು ಬಂದರು. ತಾರವ್ವ ಜೋಳ, ಮೆಣಸಿನಕಾಯಿ ಇಸಿದುಕೊಂಡು ಕೊಟ್ಟಳು.

ಮುಂದಿನ ವರ್ಷವೂ ಅದೇ ಹೊಲ, ಅದೇ ಗಾಣ. ಅಕ್ಕವ್ವ ಮುಂಜಾನೆ ಬಾಟಲಿಗಳನ್ನು ತೊಳೆದು ಕಬ್ಬಿನ ಸಿಪ್ಪೆಯ ಬಣವಿಯ ಹಿಂದೆ ಇಟ್ಟು ಹೋಗುತ್ತಿದ್ದಳು. ಸತ್ತೆಪ್ಪ ಒಲೆಯ ಹಿಂಬಾಯಿಯಲ್ಲಿ ಹಂಚಿಗೆ ಜಾಗ ಮಾಡಿಕೊಡುತ್ತಿದ್ದ. ಹೀಗೆ ನಡೆದಿರುವಾಗ ನಿಪ್ಪಾಣಿಯ ಪೇಟೆಯಿಂದ ಒಂದು ಮಾತು ಹುಟ್ಟಿ ಬಂತು: ಮುರಗೆಪ್ಪನ ಗಾಣದಲ್ಲಿ ಗಾಜು ಕಾಯಿಸುತ್ತಾರಂತೆ, ಅವನ ಬೆಲ್ಲದಲ್ಲಿ ಗಾಜಿನ ಚೂರು ಇರುತ್ತದಂತೆ. ಯಾರೂ ಚೂರು ಕಂಡವರಿಲ್ಲ. ಗಾಜು ಇದ್ದದ್ದು ಒಲೆಯೊಳಗೆ, ಬೆಲ್ಲ ಇದ್ದದ್ದು ಮೇಲಿನ ಕೊಪ್ಪರಿಗೆಯಲ್ಲಿ. ಆದರೂ ಮಾತು ನಿಲ್ಲಲಿಲ್ಲ.

ಮುರಗೆಪ್ಪ ಗಾಣಕ್ಕೆ ಬಂದು ಒಲೆಯ ಹಿಂದಿದ್ದ ಹಂಚುಗಳನ್ನು ಕಾಲಿನಿಂದ ಒದ್ದ.

"ಸೆರೆ ಬಾಟ್ಲಿ ತಂದು ನನ್ನ ಒಲಿಯಾಗ ಹಾಕ್ತಿಯೇನ? ಎಲ್ಲಿಂದ ತರ್ತಿ ಈ ಹೊಲಸ?"

ಅಲ್ಲಿ ಕೆಲಸದವರೆಲ್ಲ ನಿಂತಿದ್ದರು. ಬಣವಿಯ ಪಕ್ಕದಲ್ಲಿ ಅಕ್ಕವ್ವ ಬುತ್ತಿಯ ಬುಟ್ಟಿ ಹಿಡಿದು ನಿಂತಿದ್ದಳು. ಬಾಟಲಿ ಯಾರವೆಂದು ತಾರವ್ವನ ನಾಲಿಗೆಯ ತುದಿಯಲ್ಲಿತ್ತು. ಅಕ್ಕವ್ವನ ಕಡೆ ಒಮ್ಮೆ ನೋಡಿದಳು.

"ನಿಮ್ಮ ಒಲಿ ನಿಮಗ ಇರಲ್ರಿ ಸಾವಕಾರ್ರ," ಎಂದಳು. "ಬೆಂಕಿ ಏನ ನಿಮ್ಮ ಮನ್ಯಾಗಷ್ಟ ಹುಟ್ಟೂದಿಲ್ಲ."

ಒಡೆಯದೆ ಉಳಿದ ಎರಡು ಹಂಚು ಎತ್ತಿಕೊಂಡು ಹೊರಟಳು. ಅದೇ ದಿನ ಬಿಡಾರ ಕಿತ್ತರು.

ದಾರಿಯಲ್ಲಿ ಸಿದರಾಯ, "ಇಲ್ಲಿಗೆ ಮುಗೀತಲ್ಲ ನಿನ್ನ ಮಣಿ ಹುಚ್ಚ?" ಎಂದು ಕೇಳಿದ. ತಾರವ್ವ ಕರೋಶಿಗೆ ಮುಟ್ಟಿದ ಮರುದಿನವೇ ಕುಂಬಾರ ಓಣಿಯ ಹೊಳೆವ್ವನ ಮನೆಯಲ್ಲಿ ಕೂತಿದ್ದಳು. ಹೊಳೆವ್ವ ಗಂಡನ ಜೊತೆ ಗಡಿಗೆಯ ಆವಿಗೆ ಸುಡುತ್ತ ಕೂದಲು ನರೆತ ಹೆಂಗಸು, ಮಾತು ಕಡಿಮೆ. ತಾರವ್ವನ ಮಾತನ್ನೆಲ್ಲ ಕೇಳಿ, "ಗಡಿಗಿ ಸುಡೂ ಬೆಂಕಿ ನಿನಗ ಸಾಲೂದಿಲ್ಲ. ಗಾಳಿ ಹೊಡೀಬೇಕ," ಎಂದಷ್ಟೇ ಹೇಳಿ, ಎದೆಯೆತ್ತರದ ಒಂದು ಮಣ್ಣಿನ ಗೂಡು ಕಟ್ಟಲು ಕಲಿಸಿಕೊಟ್ಟಳು. ಎರಡು ಕಂಬಳಿ ನೇಯುವಷ್ಟು ಉಣ್ಣೆ ಕೊಟ್ಟು ಕಮ್ಮಾರನಿಂದ ಹಳೆಯ ತಿದಿಯೊಂದನ್ನು ತಂದದ್ದಾಯಿತು. ಜಾಲಿಕಟ್ಟಿಗೆ ಉರಿಸಿ ತಿದಿ ಒತ್ತಿದರೆ ಗೂಡಿನೊಳಗೆ ಬೆಂಕಿ ಹಳದಿಗೆ ತಿರುಗುತ್ತಿತ್ತು. ಗಾಜು ಕರಗಿತು. ಮಣಿಗಳು ಕೆಂಡದ ಹಾಗೆ ಹೊಳೆಯುತ್ತ ಹೊರಗೆ ಬಂದವು. ತಾರವ್ವ ಹಂಚನ್ನು ಕಟ್ಟೆಯ ಮೇಲಿಟ್ಟು ಮುಖ ತೊಳೆಯಲು ಹೋದಳು.

ತಿರುಗಿ ಬರುವಷ್ಟರಲ್ಲಿ ಟಿಕ್, ಟಿಕ್ ಎಂಬ ಸಣ್ಣ ಸಪ್ಪಳ. ಅವಳ ಕಣ್ಣೆದುರೇ ಒಂದೊಂದು ಮಣಿಯೂ ಬಿರಿಯುತ್ತಿತ್ತು. ಹೊತ್ತು ಮುಳುಗುವ ವೇಳೆಗೆ ಹಂಚಿನಲ್ಲಿ ಒಂದೂ ಇಡಿಯಾಗಿ ಉಳಿದಿರಲಿಲ್ಲ.

ಮತ್ತೆ ಮಾಡಿದಳು. ಮತ್ತೆ ಬಿರಿದವು. ಗಾಜು ತೊಳೆದದ್ದು ಸಾಲದೇನೋ ಎಂದು ಸೀಗೆಕಾಯಿ ಹಾಕಿ ತೊಳೆದಳು. ಮಣ್ಣು ಸರಿಯಿಲ್ಲವೇನೋ ಎಂದು ಹಂಚು ಬದಲಿಸಿದಳು. ಆ ವರ್ಷದ ಬೇಸಿಗೆ ಪೂರ್ತಿ ಅದೇ ಕತೆ. ಓಣಿಯ ಹೆಂಗಸರು, "ತಾರವ್ವ ಗಾಜ ಬೆಳ್ಯಾಕತ್ತಾಳ, ಫಸಲ ಯಾವಾಗವ್ವಾ?" ಎಂದು ಕೆಣಕುತ್ತಿದ್ದರು. ಕಿಡಿ ಹಾರಿ ಅವಳ ಎಡಗೈಯ ಮೇಲೆ ಸುಟ್ಟ ಗುರುತುಗಳಾದವು. ಒಂದು ಮಧ್ಯಾಹ್ನ ಸಿದರಾಯ ಬಿರಿದ ಮಣಿಗಳ ರಾಶಿಯನ್ನು ನೋಡಿ ಮೆತ್ತಗೆ ಹೇಳಿದ: "ಬಿಟ್ಟ ಬಿಡ ತಾರಾ. ಆ ಗಾಣದ ಒಲ್ಯಾಗ ಏನ ಪುಣ್ಯೇ ಇತ್ತೋ, ಅದು ನಮ್ಮ ಕಡಿ ಇಲ್ಲ."

"ಪುಣ್ಯೇ ಅಲ್ಲ. ಏನೋ ಒಂದು ಅಲ್ಲಿ ಆಗ್ತಿತ್ತು, ಇಲ್ಲಿ ಆಗವಲ್ದು. ಅದು ಏನ ಅಂತ ತಿಳದ್ರ ಸಾಕು."

ತಿಳಿದದ್ದು ಮಳೆಗಾಲದಲ್ಲಿ. ಹಸಿಗಾಳಿ ಬೀಸುತ್ತಿದ್ದ ಒಂದು ಮುಂಜಾನೆ ಕುರಿಯೊಂದು ಈಯಿತು. ತಾರವ್ವ ಮರಿಯನ್ನು ಒರೆಸಿ ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲಿಟ್ಟಳು. ತಾಯ ಹೊಟ್ಟೆಯ ಬಿಸಿಯಿಂದ ಬಂದ ಮರಿಯನ್ನು ಒಮ್ಮೆಲೇ ಗಾಳಿಗೆ ಬಿಟ್ಟರೆ ಅದು ಸೆಟೆದು ಸಾಯುತ್ತದೆ. ಕುರಿಗಾರರ ಮನೆಯ ಕೂಸಿಗೂ ಇದು ಗೊತ್ತು. ಕಂಬಳಿಯ ಅಂಚು ಮಡಚುತ್ತಿದ್ದವಳ ಕೈ ಹಾಗೇ ನಿಂತಿತು. ಗಾಣದಲ್ಲಿ ಸತ್ತೆಪ್ಪ ಒಲೆಯನ್ನು ಬೂದಿ ಮುಚ್ಚಿ ಬಿಡುತ್ತಿದ್ದ. ಹಂಚು ಮರುದಿನದವರೆಗೂ ಆ ಬೂದಿಯೊಳಗೇ ಇರುತ್ತಿತ್ತು. ತೆಗೆಯುವಾಗಲೂ ಮಣಿ ಬೆಚ್ಚಗಿರುತ್ತಿತ್ತು. ಇಲ್ಲಿ ತಾನು ಕೆಂಡದಂಥ ಗಾಜನ್ನು ಗಾಳಿಗೆ ಇಡುತ್ತಿದ್ದಳು.

ಅಂದೇ ಕಾಳು ತುಂಬುವ ಹಗೇವಿನಂಥ ಒಂದು ಗುಂಡಿ ತೋಡಿದಳು. ಒಣಗಿದ ಕುರಿಹಿಕ್ಕೆ ತುಂಬಿ ಬೆಂಕಿ ಹಚ್ಚಿದಳು. ಹಿಕ್ಕೆಯ ಬೆಂಕಿ ಉರಿಯುವುದಿಲ್ಲ. ಒಳಗೊಳಗೇ ಕನಲುತ್ತ ದಿನವಿಡೀ ಬಿಸಿ ಹಿಡಿದಿರುತ್ತದೆ. ಗೂಡಿನಿಂದ ತೆಗೆದ ಹಂಚನ್ನು ಸೀದಾ ಆ ಕೆಂಡದಲ್ಲಿ ಹುಗಿದು, ಮೇಲೆ ಬಿಸಿಬೂದಿ ಮುಚ್ಚಿದಳು. ಮರುದಿನ ಬೂದಿ ಆರಿದ ಮೇಲೆ ಹೊಳೆವ್ವನನ್ನೂ ಕರೆದು ಹಂಚು ತೆಗೆದಳು. ಬಿಳಿಯವು ಬಿಳಿ, ಹಸಿರಿನವು ಹಸಿರು, ಎಲ್ಲ ಇಡಿ ಮಣಿಗಳು. ಬಿಳಿ, ಕಂದು ಎರಡೂ ಬೆರೆಸಿ ಮಾಡಿದ್ದವು ಮಾತ್ರ ಬಿರಿದಿದ್ದವು.

ಹೊಳೆವ್ವ ಒಂದು ಮಣಿಯನ್ನು ಎತ್ತಿ ನೆಲಕ್ಕೆ ಬಡಿದಳು. ಅದು ಪುಟಿದು ಹೋಗಿ ಬಾಗಿಲ ಹೊಸ್ತಿಲಿಗೆ ತಾಗಿ ನಿಂತಿತು.

"ಇದು ಮಣಿ," ಎಂದಳು ಹೊಳೆವ್ವ. "ಎರಡ ಜಾತಿ ಗಾಜ ಕೂಡಸಬ್ಯಾಡ. ಎರಡ ಮಣ್ಣ ಕೂಡಿದ ಗಡಿಗಿನೂ ಹಿಂಗ ಸೀಳ್ತೈತಿ."

ಅಲ್ಲಿಂದ ಮುಂದೆ ತಾರವ್ವ ಗಾಜನ್ನು ಬೇರೆ ಬೇರೆಯಾಗಿ ಇಟ್ಟಳು. ಮಣಿಗಳನ್ನು ಒದ್ದೆ ಸಾಣೆಕಲ್ಲಿನ ಮೇಲೆ ಉಜ್ಜಿ ನಯ ಮಾಡಿದಳು. ಸರ, ಲೋಲಾಕು, ಜಡೆಯ ಹೆಣಲಿಗೆ ಕಟ್ಟುವ ಗೊಂಡೆ ಎಲ್ಲವನ್ನೂ ಮಾಡಿದಳು. ನಿಪ್ಪಾಣಿಯಲ್ಲಿ ಬಾಬಾಸಾಹೇಬ ಎಂಬ ಬಳೆ ವ್ಯಾಪಾರಿ ಇದ್ದ. ಸರಗಳನ್ನು ನೋಡಿದವನೇ, "ವಾ ಬಾಯಿ, ಏಕದಂ ಬರೋಬ್ಬರಿ ಅದಾವ!" ಎಂದು ಎಲ್ಲವನ್ನೂ ತೆಗೆದುಕೊಂಡ. ತಿಂಗಳು ತಿಂಗಳು ಬೇಡಿಕೆ ಹೆಚ್ಚಿತು. ಸಿದರಾಯ ಕೂಡ ಈಗ ಸಂತೆಯಿಂದ ಬರುವಾಗ ಒಂದೆರಡು ಬಾಟಲಿ ಹಿಡಿದುಕೊಂಡು ಬರುತ್ತಿದ್ದ.

ಒಂದು ದಿನ ಅಂಗಡಿಗೆ ಹೋದಾಗ ತಾರವ್ವ ಹೊರಗೇ ನಿಂತಳು. ಒಳಗೆ ಬಾಬಾಸಾಹೇಬ ಗಿರಾಕಿಯೊಬ್ಬಳಿಗೆ ಅವಳದೇ ಹಸಿರು ಸರ ತೋರಿಸುತ್ತಿದ್ದ. "ಮುಂಬಯಿದ ಮಾಲ್ ಐತ್ರಿ. ಇಲ್ಲಿದಲ್ಲ."

ಗಿರಾಕಿ ಹೋದ ಮೇಲೆ ತಾರವ್ವ ಕೇಳಿದಳು: "ಮುಂಬಯಿ ಯಾಕ ಅಂದ್ರಿ? ಕರೋಶಿದು ಅನ್ನಬೇಕಿಲ್ಲ?"

"ಅಗ ಬಾಯಿ, ಸೆರೆ ಬಾಟ್ಲಿದು ಅಂದ್ರ ಯಾರ ಕೊಳ್ಳಾಗ ಹಾಕ್ಕೋತಾರ? ಖರೇ ಹೇಳಿದ್ರ ಧಂದಾ ಬಂದ್."

"ಸುಳ್ಳ ಹೇಳಿ ಮಾರೂದಿದ್ರ ನಾ ಯಾಕ ಕೈ ಸುಟ್ಕೊಬೇಕಾಗಿತ್ತು? ನನ್ನ ಮಾಲ ತಿರಗಿ ಕೊಡ್ರಿ."

ಬಾಬಾಸಾಹೇಬ ಅವಳಿಗೆ ತಲೆಕೆಟ್ಟಿದೆ ಎಂದುಕೊಂಡ. ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. ತಾರವ್ವ ಉಳಿದ ಸರಗಳನ್ನು ಬುಟ್ಟಿಗೆ ಹಾಕಿಕೊಂಡು ಬಂದಳು. ಮುಂದಿನ ಸಂತೆಯ ದಿನ ನಿಪ್ಪಾಣಿಯ ಪೇಟೆಯಲ್ಲಿ, ಕಾಯಿಪಲ್ಯೆಯವರ ಸಾಲಿನ ಕೊನೆಗೆ ಕಂಬಳಿ ಹಾಸಿ ಕೂತಳು. ಹಸಿರು ಸರಗಳ ಪಕ್ಕದಲ್ಲಿ ಹಸಿರು ಬಾಟಲಿ, ಕಂದು ಸರಗಳ ಪಕ್ಕದಲ್ಲಿ ಕಂದು ಬಾಟಲಿ ನಿಲ್ಲಿಸಿದಳು.

ಜನ ನಿಂತು ನಗುತ್ತಿದ್ದರು. ಕುಡುಕನೊಬ್ಬ ಬಂದು, "ತುಂಬಿದ ಬಾಟ್ಲಿ ಇಲ್ಲೇನಬೇ?" ಎಂದ. ಹೆಂಗಸರು ಸರ ಎತ್ತಿ ಕುತ್ತಿಗೆಗೆ ಹಿಡಿದು ನೋಡುವರು. ಪಕ್ಕದ ಬಾಟಲಿ ಯಾಕೆಂದು ಕೇಳುವರು. ಹೇಳಿದೊಡನೆ ಚೇಳು ಮುಟ್ಟಿದಂತೆ ಬಿಟ್ಟು ಹೋಗುವರು. ಆ ಸಂತೆಯಲ್ಲಿ ಒಂದೂ ಹೋಗಲಿಲ್ಲ. ಅದರ ಮುಂದಿನ ಸಂತೆಯಲ್ಲೂ ಇಲ್ಲ. "ಬಾಟ್ಲಿ ಬಚ್ಚಿಟ್ಟು ಕುಂದ್ರು," ಎಂದು ಪಕ್ಕದ ಬದನೆಕಾಯಿಯ ಲಗಮವ್ವ ಬುದ್ಧಿ ಹೇಳಿದಳು. ತಾರವ್ವ ಬಾಟಲಿಗಳನ್ನು ಇನ್ನಷ್ಟು ಮುಂದಕ್ಕೆ ಸರಿಸಿದಳು.

ಬೇಸಿಗೆಯ ಮೊದಲ ಸಂತೆಗೆ ಅಕ್ಕವ್ವ ಬಂದಳು, ಜೊತೆಗೆ ಅತ್ತೆ ಶಿವಗಂಗವ್ವ. ಬೆನ್ನು ಬಾಗಿದ್ದರೂ ದನಿ ಬಾಗದ ಮುದುಕಿ. ಗಾಣದ ಒಲೆಯ ಜಗಳವಾದ ಮೇಲೆ ತಾರವ್ವ ಅವರ ಮನೆಯವರನ್ನು ಕಂಡಿರಲಿಲ್ಲ. ಅಕ್ಕವ್ವ ಕಂಬಳಿಯ ಮುಂದೆ ಕೂತು, ಕಂದು ಮಣಿಯ ಒಂದು ಸರ ಎತ್ತಿ, ಕೊರಳಿಗೆ ಕಟ್ಟಿಕೊಂಡಳು.

"ಏನದು?" ಎಂದಳು ಶಿವಗಂಗವ್ವ.

"ಮಣಿ ಸರಾರಿ ಅತ್ತಿ. ಈ ಬಾಟ್ಲಿಂದ ಮಾಡ್ಯಾಳ. ಇಂಥಾ ಬಾಟ್ಲಿ…" ಅಕ್ಕವ್ವ ಕಂದು ಬಾಟಲಿಯನ್ನು ಅತ್ತೆಯ ಕಡೆ ಸರಿಸಿದಳು. "ಇಂಥಾ ಬಾಟ್ಲಿ ನಮ್ಮ ಗಾಣದ ಮನ್ಯಾಗನೂ ಇರ್ತಾವ್ರಿ. ನಾನ ಬಚ್ಚಿಡ್ತಿದ್ನಿ."

ಸುತ್ತ ನಿಂತ ಹೆಂಗಸರು ಹತ್ತಿರ ಸರಿದರು. ಮುದುಕಿ ಕೋಲೂರಿ ಬಗ್ಗಿ ಬಾಟಲಿಯನ್ನು ನೋಡಿದಳು, ಸೊಸೆಯ ಕೊರಳನ್ನು ನೋಡಿದಳು.

"ನನಗೇನ ಮೂಗಿಲ್ಲೇನ?" ಎಂದಳು. "ಅಂವ ನನ್ನ ಹೊಟ್ಯಾಗ ಹುಟ್ಟ್ಯಾನ. ಮನಿಗಿ ಬಂದು ಬಾಯಿ ತಗದ್ರ ತಿಳಿಯೂದಿಲ್ಲೇನ? ನಿನಗ ಗೊತ್ತಾದ್ರ ಅತ್ತು ಕರದು ಮಾಡ್ತಿ ಅಂತ ನಾ ಬಾಯಿ ಮುಚ್ಕೊಂಡ ಇದ್ನಿ. ನೀ ನೋಡಿದ್ರ ನನಗ ಅಂಜಿ ಮುಚ್ಚಾಕತ್ತಿ. ಇಬ್ಬರೂ ಕೂಡೇ ಅವಗ ಛಲೋ ಅನುಕೂಲ ಮಾಡಿ ಕೊಟ್ಟೇವಲ್ಲ!"

ಯಾರೋ ನಕ್ಕರು. ಅಕ್ಕವ್ವನಿಗೂ ನಗು ಬಂತು, ಜೊತೆಗೆ ಕಣ್ಣೀರೂ. ಮುದುಕಿ ತಾರವ್ವನ ಕಡೆ ತಿರುಗಿ, "ಹಸರಂದು ನನ್ನ ಮೊಮ್ಮಗಳಿಗಿ ಕೊಡ. ನಮ್ಮ ಬಾಟ್ಲಿ, ನಮ್ಮ ಕೊಳ್ಳ. ಇದ್ರಾಗ ನಾಚಿಕಿ ಪಡೂವಂವ ಅಂವ, ನಾವಲ್ಲ," ಎಂದಳು.

ಕುಡಿಯುವ ಗಂಡ, ಕುಡಿಯುವ ಅಣ್ಣ, ಕುಡಿಯುವ ಮಗ ಯಾವ ಓಣಿಯಲ್ಲಿ ಇರಲಿಲ್ಲ? ಆ ಮಾತು ಸಂತೆಯ ಜೊತೆ ಊರೂರಿಗೆ ಹೋಯಿತು. ಅಂದು ಸಂಜೆಯ ಹೊತ್ತಿಗೆ ತಾರವ್ವನ ಬುಟ್ಟಿ ಹಗುರಾಗಿತ್ತು. ಮುಂದಿನ ಸಂತೆಗೆ ಹೆಂಗಸರು ಬಾಟಲಿಗಳನ್ನು ತಾವೇ ಸೆರಗಿನಡಿ ತಂದು, "ಇದರದ್ದ ಮಾಡಿಕೊಡ," ಎಂದು ಕೇಳತೊಡಗಿದರು. ಮುರಗೆಪ್ಪನ ಮನೆಯಲ್ಲಂತೂ ಮುದುಕಿ ಬಾಟಲಿಗಳನ್ನು ಬಂದವರಿಗೆಲ್ಲ ಕಾಣುವ ಹಾಗೆ ಮುಂಗಟ್ಟೆಯ ಮೇಲೆ ಸಾಲಾಗಿ ಇಡಿಸಿದಳು. ಅವನು ಕುಡಿಯುವುದನ್ನು ಬಿಟ್ಟನೆಂದು ಹೇಳಿದರೆ ಸುಳ್ಳಾದೀತು. ಗಾಣದ ಮನೆಗೆ ತರುವುದನ್ನು ಬಿಟ್ಟ. ಕೆಲವು ವರ್ಷಗಳ ಮೇಲೆ ಆರೋಗ್ಯ ಕೈಕೊಟ್ಟು ಅವನು ಮೂಲೆ ಹಿಡಿದಾಗ ಗಾಣವನ್ನು ಅಕ್ಕವ್ವನೇ ನಡೆಸಿದಳು. ತಾರವ್ವನಿಗೆ ಒಲೆ ತೆರೆದಿದೆ ಎಂದು ಹೇಳಿ ಕಳಿಸಿದಳು. ಆಗ ತಾರವ್ವನಿಗೆ ಅದರ ಅಗತ್ಯವಿರಲಿಲ್ಲ. ಆದರೂ ಹೋಗಿ ಬೆಲ್ಲ ತಿಂದು ಬಂದಳು.

ಬಾಬಾಸಾಹೇಬ ತಾನಾಗಿಯೇ ಕರೋಶಿಗೆ ಬಂದು ಮಾಲು ಕೇಳಿದ. ತಾರವ್ವ ಒಂದೇ ಕರಾರು ಹಾಕಿದಳು: ಗಾಜಿನ ಕಪಾಟಿನಲ್ಲಿ ಸರದ ಪಕ್ಕ ಬಾಟಲಿ ಇರಬೇಕು. ಅವನು ತಲೆ ಕೆರೆದುಕೊಂಡು ಒಪ್ಪಿದ. ತೊಂಬತ್ತರ ಹೊತ್ತಿಗೆ ಚಿಕ್ಕೋಡಿ, ರಾಯಬಾಗ, ಕಾಗವಾಡದ ಸಂತೆಗಳಲ್ಲಿ 'ಬಾಟ್ಲಿ ಮಣಿ' ಎಂದರೆ ಎಲ್ಲರಿಗೂ ಗೊತ್ತಾಗಿತ್ತು. ತಾರವ್ವನ ಜೊತೆ ಈಗ ಬೆಳೆದು ಕೈಗೆ ಬಂದ ಮಗಳು ದುಂಡವ್ವ, ಓಣಿಯ ತುಳಸವ್ವ, ಇನ್ನೂ ಕೆಲವು ಹೆಂಗಸರು ಕುಟ್ಟಲು, ಉಜ್ಜಲು ಕೂರುತ್ತಿದ್ದರು. ಹಿಂದೆ ಫಸಲು ಯಾವಾಗ ಎಂದು ಕೆಣಕಿದವರೂ ಅವರಲ್ಲಿದ್ದರು.

ಅಥಣಿ ಕಡೆಯ ದ್ರಾಕ್ಷಿ ತೋಟದ ಧರೆಪ್ಪ ಎಂಬವನು ಒಮ್ಮೆ ಎತ್ತಿನ ಸರಕ್ಕೆಂದು ಬಂದವನು ಚೀಲದ ತುಂಬ ಬಾಟಲಿ ತಂದಿದ್ದ. ಜೇನಿನ ಬಣ್ಣದ, ದಪ್ಪ ಗಾಜು. ಅಂಥ ಬಣ್ಣವನ್ನು ತಾರವ್ವ ಹಿಂದೆಂದೂ ಕಂಡಿರಲಿಲ್ಲ. ಮುಚ್ಚಳ ಮೂಸಿ ನೋಡಿ ಕೆಳಗಿಟ್ಟಳು.

"ಇದು ಹುಳಾ ಸಾಯಾಕ ಬಳ್ಳಿಗಿ ಹೊಡಿಯೂ ಎಣ್ಣಿ ಬಾಟ್ಲಿ ಅಲ್ರಿ? ಇದು ಬ್ಯಾಡ."

"ಬೆಂಕ್ಯಾಗ ಹಾಕಿದ್ರ ಎಲ್ಲಾ ಸುಟ್ಟ ಹೋಗ್ತೈತಿ ಬಿಡವ್ವ. ಸೆರೆದು ನಡೀತೈತಿ, ಇದು ನಡಿಯೂದಿಲ್ಲೇನ?"

"ಸೆರೆ ತೊಳದ್ರ ಹೋಗ್ತೈತ್ರಿ. ಇದನ್ನ ತೊಳದ ನೀರ ಎಲ್ಲಿ ಚೆಲ್ಲಲಿ? ನನ್ನ ಕುರಿ ಅದನ್ನ ಕುಡೀತಾವು." ಆ ಚೀಲವನ್ನು ಅವಳು ಮನೆಯಂಗಳದಲ್ಲಿ ಇಳಿಸಲೂ ಬಿಡಲಿಲ್ಲ. ದುಂಡವ್ವ ಆ ಬಣ್ಣಕ್ಕಾಗಿ ಬಹಳ ದಿನ ಹಳಹಳಿಸಿದಳು.

ತೊಂಬತ್ತೈದರ ನಂತರ ಪೇಟೆ ಬದಲಾಯಿತು. ಪ್ಲಾಸ್ಟಿಕ್ ಮಣಿ ಬಂತು. ಹಗುರ, ಹತ್ತು ಬಣ್ಣ, ಒಡೆಯುವುದಿಲ್ಲ. ಶಾಲೆಗೆ ಹೋಗುವ ಹುಡುಗಿಯರು ಅದನ್ನೇ ಕೊಂಡರು. ಅದಕ್ಕಿಂತ ದೊಡ್ಡ ಪೆಟ್ಟು ಬಾಟಲಿಯದು. ಔಷಧ, ಎಣ್ಣೆ, ಕಡೆಗೆ ಸೆರೆ ಕೂಡ ಪ್ಲಾಸ್ಟಿಕ್ಕಿನಲ್ಲಿ ಬರತೊಡಗಿತು. ಕೆಲಸಕ್ಕೆ ಕೂರುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಕಬ್ಬು ಕಡಿಯಲು, ಬೀಡಿ ಕಟ್ಟಲು ಹೋದರು. "ಇನ್ನ ಸಾಕಲ್ಲ ಯವ್ವಾ?" ಎಂದು ದುಂಡವ್ವ ಕೇಳಿದಾಗ ತಾರವ್ವ, "ಗಾಜು ಮುಗದಿಲ್ಲ, ನಾವು ಹುಡಕೂದ ಕಡಿಮಿ ಆಗೇತಿ," ಎಂದಳು. ಮರುದಿನವೇ ಚೀಲ ಹಿಡಿದು ಕಾಗವಾಡದ ಬಸ್ಸು ಹತ್ತಿದಳು. ಹಳೆ ಸಾಮಾನಿನ ಅಂಗಡಿಗಳು, ಒಡೆದ ಕಂದೀಲಿನ ಬುರುಡೆ, ಸೋಡಾ ಬಾಟಲಿ, ಕಿಟಕಿಯ ಗಾಜು, ಸಿಕ್ಕಿದ್ದನ್ನೆಲ್ಲ ತಂದು ಒಂದೊಂದನ್ನೂ ಬೇರೆ ಬೇರೆ ಸುಟ್ಟು ನೋಡಿದಳು. ಅರ್ಧಕ್ಕರ್ಧ ಹಾಳಾದವು. ಉಳಿದ ಅರ್ಧದಿಂದ ಸಂತೆ ತಪ್ಪಿಸಲಿಲ್ಲ.

ತೊಂಬತ್ತೆಂಟರ ಒಂದು ಮಧ್ಯಾಹ್ನ ಸಿದರಾಯ ಕೊಗನೊಳ್ಳಿಯ ಕಡೆಯಿಂದ ಬಂದ. ಹೆಗಲ ಕಂಬಳಿಯನ್ನು ಅಂಗಳದಲ್ಲಿ ಬಿಚ್ಚಿದ. ಒಳಗೆ ಜೋಳದ ಕಾಳಿನಂಥ ಗಾಜಿನ ರಾಶಿ ಇತ್ತು.

"ಹೆದ್ದಾರ್ಯಾಗ ಲಾರಿ ಮುಂದಿನ ಕಾಚು ಒಡದ ಬಿದ್ದಿತ್ತು. ನೋಡ, ಕುಟ್ಟೂ ಕೆಲಸನ ಇಲ್ಲ," ಎಂದ. ಹಿಂದೊಮ್ಮೆ ಬಿಟ್ಟುಬಿಡು ಎಂದಿದ್ದವನು ರಸ್ತೆಯ ಬದಿಯಲ್ಲಿ ಕೂತು ಬಿಸಿಲಲ್ಲಿ ಅದನ್ನೆಲ್ಲ ಬಳಿದು ತಂದಿದ್ದ. ತಾರವ್ವ ಒಂದು ಹಿಡಿ ಎತ್ತಿ ನೀರಿಗೆ ಹಾಕಿ ನೋಡಿದಳು. ನೀರಿನೊಳಗೆ ಗಾಜು ಕಾಣಿಸಲೇ ಇಲ್ಲ.

ಮೊದಲ ಸಲ ಸುಟ್ಟಾಗ ಮಣಿಗಳು ಪೊರೆ ಬಂದ ಕಣ್ಣಿನಂತೆ ಮಬ್ಬಾದವು. ಎರಡನೆಯ ಸಲವೂ ಹಾಗೆಯೇ. ದುಂಡವ್ವ ಮುಖ ಸಣ್ಣದು ಮಾಡಿದಳು. ತಾರವ್ವ ಮಬ್ಬು ಮಣಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದಳು.

"ಇದಕ್ಕ ಬಾಟ್ಲಿಕಿಂತ ಜೋರ ಬೆಂಕಿ ಬೇಕ. ಆದ್ರ ಬಾಳ ಹೊತ್ತ ಇಡಬಾರದು. ಲಗೂ ಕರಗಿಸಿ ಲಗೂ ತಗೀಬೇಕ. ತಿದಿ ಯಾರ ಒತ್ತತೀರಿ?"

ಸಿದರಾಯ ಪಟಕ ಬಿಚ್ಚಿಟ್ಟು ತಿದಿಯ ಮುಂದೆ ಕೂತ. ವಯಸ್ಸಾಗಿತ್ತು, ಏದುಸಿರು ಬರುತ್ತಿತ್ತು; ತಾರವ್ವ ಸಾಕು ಎನ್ನುವವರೆಗೂ ನಿಲ್ಲಿಸಲಿಲ್ಲ. ಮರುದಿನ ಬೂದಿಯಿಂದ ತೆಗೆದ ಮಣಿಗಳು ತಿಳಿನೀರಿನಂತಿದ್ದವು, ಅಂಚಿನಲ್ಲಿ ಮಾತ್ರ ಎಳೆಹಸಿರಿನ ಛಾಯೆ. ದುಂಡವ್ವ ಅವನ್ನು ಬಿಳಿ ದಾರದಲ್ಲಿ ಪೋಣಿಸಿದಳು. ಚಿಕ್ಕೋಡಿಯ ಸಂತೆಯಲ್ಲಿ ತಾರವ್ವ ಆ ಸರಗಳ ಪಕ್ಕ ಒಂದು ಹಿಡಿ ಲಾರಿಯ ಗಾಜು ಸುರಿದು ಕೂತಳು. ಕಾಲೇಜಿನ ಹುಡುಗಿಯರು ಮುತ್ತಿಕೊಂಡು ಇದೇನು, ಅದೇನು ಎಂದು ಕೇಳುತ್ತಿದ್ದರು. ತಾರವ್ವ ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದಳು.